ಕುಂಡದ ಬೇರಿಗೂ ಉಸಿರು ಬೇಕು: ತಾರಸಿ ಗಿಡಗಳಿಗೆ ನೀರು ಹಾಕುವ ಲೆಕ್ಕ

ದಾವಣಗೆರೆಯಲ್ಲಿ ತಾರಸಿಯ ಮೇಲೆ ನಾಲ್ಕು ಕುಂಡ ಇಟ್ಟುಕೊಂಡವರೆಲ್ಲ ಮೊದಲು ಕೇಳುವ ಪ್ರಶ್ನೆ, ‘ದಿನಕ್ಕೆ ಎಷ್ಟು ಸಲ ನೀರು ಹಾಕಬೇಕು?’ ಎಂಬುದು. ‘ದಿನಕ್ಕೊಂದು ಸಲ’ ಎಂದೋ ‘ದಿನ ಬಿಟ್ಟು ದಿನ’ ಎಂದೋ ಥಟ್ಟನೆ ಉತ್ತರ ಕೊಡುವವರನ್ನು ನಂಬಬೇಡಿ. ಏಪ್ರಿಲ್ ಬಿಸಿಲಿಗೆ ಒಂದೇ ದಿನದಲ್ಲಿ ಒಣಗುವ ಕುಂಡ, ಡಿಸೆಂಬರಿನಲ್ಲಿ ನಾಲ್ಕೈದು ದಿನವಾದರೂ ಒಳಗೆ ತೇವವಾಗಿರುತ್ತದೆ. ಒಂದೇ ಅಳತೆಯ ಎರಡು ಕುಂಡಗಳಿದ್ದು, ಒಂದು ಸುಟ್ಟ ಮಣ್ಣಿನದು, ಇನ್ನೊಂದು ಪ್ಲಾಸ್ಟಿಕ್ಕಿನದು ಆಗಿದ್ದರೆ ಎರಡೂ ಒಣಗುವ ವೇಗ ಬೇರೆ. ಮಣ್ಣಿನ ಕುಂಡ ಮೈಯಿಂದಲೂ ನೀರನ್ನು ಆವಿ ಮಾಡುತ್ತದೆ, ಪ್ಲಾಸ್ಟಿಕ್ ಕುಂಡಕ್ಕೆ ಬಾಯಿ ಮತ್ತು ತಳದ ರಂಧ್ರ ಬಿಟ್ಟರೆ ಬೇರೆ ದಾರಿಯಿಲ್ಲ.

ನಮ್ಮ ಊರುಗಳಲ್ಲಿ ಇನ್ನೊಂದು ತೊಡಕಿದೆ. ಗಿಡಕ್ಕೆ ನೀರು ಹಾಕುವ ದಿನವನ್ನು ಎಷ್ಟೋ ಮನೆಗಳಲ್ಲಿ ನಲ್ಲಿ ನಿರ್ಧರಿಸುತ್ತದೆ. ನೀರು ಬಿಟ್ಟ ದಿನ ತೊಟ್ಟಿ, ಡ್ರಮ್ಮು, ಬಿಂದಿಗೆ ಎಲ್ಲ ತುಂಬಿಸಿ, ನಲ್ಲಿ ಇನ್ನೂ ಹರಿಯುತ್ತಿದ್ದರೆ ಪೈಪ್ ಎಳೆದು ಕುಂಡಗಳಿಗೆ ಹಿಡಿಯುತ್ತಾರೆ. ಮುಂದಿನ ಸಲ ನೀರು ಬರುವವರೆಗೆ ಗಿಡದ ಕಡೆ ತಿರುಗಿ ನೋಡುವುದಿಲ್ಲ. ಮೊದಲ ಎರಡು ದಿನ ಕೆಸರು, ಕೊನೆಯ ಎರಡು ದಿನ ಇಟ್ಟಿಗೆ. ಈ ಎರಡು ತುದಿಗಳ ನಡುವೆ ಬೇರು ನಲುಗುತ್ತದೆ. ಬಂದ ನೀರನ್ನು ಒಂದು ಡ್ರಮ್ಮಿನಲ್ಲಿ ಗಿಡಗಳಿಗೆಂದೇ ಹಿಡಿದಿಟ್ಟು, ಬೇಕಾದಾಗ ಬೇಕಾದ ಕುಂಡಕ್ಕೆ ಮಗ್ಗಿನಲ್ಲಿ ಹಾಕುವುದು ಹೆಚ್ಚಿನ ಕೆಲಸವೇನಲ್ಲ. ನೀರೂ ಉಳಿಯುತ್ತದೆ.

ಬೇರಿನ ಉಸಿರಾಟ

ಕುಂಡದ ಗಿಡಗಳು ಸಾಯುವುದಕ್ಕೆ ಬಹುಮಟ್ಟಿಗೆ ಕಾರಣ ಅತಿ ನೀರು. ಇದನ್ನು ಹೇಳಿದರೆ ಜನ ಒಪ್ಪುವುದಿಲ್ಲ. ನೀರು ಹೆಚ್ಚಾದರೆ ಹರಿದುಹೋಗುತ್ತದೆ, ಅದರಿಂದ ಗಿಡಕ್ಕೆ ಏನು ತೊಂದರೆ ಎನ್ನುತ್ತಾರೆ. ತೊಂದರೆ ಗಾಳಿಯದು. ಎಲೆ ತಯಾರಿಸಿ ಕಳಿಸುವ ಸಕ್ಕರೆಯಿಂದ ಬೇರು ಶಕ್ತಿ ಪಡೆಯಬೇಕಾದರೆ ಅದಕ್ಕೆ ಆಮ್ಲಜನಕ ಬೇಕು. ಮಣ್ಣಿನ ಕಣಗಳ ನಡುವಿನ ಸಂದುಗಳಲ್ಲಿ ಗಾಳಿ ಇರುವಷ್ಟು ಹೊತ್ತು ಅದು ಸಿಗುತ್ತದೆ. ಸಂದುಗಳೆಲ್ಲ ನೀರಿನಿಂದ ತುಂಬಿದರೆ ಆಮ್ಲಜನಕ ನೀರಿನೊಳಗಿಂದಲೇ ಬರಬೇಕು, ಅಲ್ಲಿ ಅದು ಹರಡುವ ವೇಗ ಗಾಳಿಗಿಂತ ಸುಮಾರು 10,000 ಪಟ್ಟು ಕಡಿಮೆ. ಒಂದೆರಡು ಗಂಟೆ ಹೀಗಿದ್ದರೆ ಗಿಡ ತಡೆದುಕೊಳ್ಳುತ್ತದೆ. ದಿನಗಟ್ಟಲೆ ಹೀಗೇ ಇದ್ದರೆ ನೀರು ಹೀರುವ ಎಳೆಯ ತುದಿಬೇರುಗಳು ಮೊದಲು ಸಾಯುತ್ತವೆ.

ಆಮೇಲೆ ಆಗುವುದು ಮನುಷ್ಯನನ್ನು ದಾರಿ ತಪ್ಪಿಸುವಂಥದ್ದು. ಬೇರು ಸತ್ತ ಗಿಡ ನೀರಿನ ನಡುವೆಯೇ ನಿಂತಿದ್ದರೂ ಕುಡಿಯಲಾರದು, ಎಲೆಗಳು ಜೋಲುತ್ತವೆ. ನೋಡಿದವರಿಗೆ ಗಿಡ ಬಾಯಾರಿದಂತೆ ಕಾಣುತ್ತದೆ, ಇನ್ನೊಂದು ತಂಬಿಗೆ ನೀರು ಸುರಿಯುತ್ತಾರೆ. ಉಳಿದಿದ್ದ ಬೇರೂ ಹೋಗುತ್ತದೆ. ಇದರ ಜತೆಗೆ ಕೊಳೆ ತರುವ ಸೂಕ್ಷ್ಮಜೀವಿಗಳು ಬೇರೆ. ಚನ್ನಗಿರಿ ಕಡೆಯ ತೋಟದವರಿಗೆ ಅಡಿಕೆಯ ಕೊಳೆರೋಗದ ಕಾಟ ಚೆನ್ನಾಗಿ ಗೊತ್ತು. ಅದನ್ನು ತರುವ ಫೈಟೊಫ್ಥೊರಾ ಎಂಬ ಸೂಕ್ಷ್ಮಜೀವಿಯ ಬಳಗದವೇ ಕುಂಡದ ಬೇರಿಗೂ ಬೀಳುತ್ತವೆ. ಅವುಗಳ ಬೀಜಕಣಗಳಿಗೆ ಬಾಲವಿದೆ, ನಿಂತ ನೀರಿನಲ್ಲಿ ಈಜಿಕೊಂಡು ಬೇರನ್ನು ಹುಡುಕಿ ಹೋಗುತ್ತವೆ. ತೇವವಿದ್ದೂ ಗಾಳಿಯಾಡುವ ಮಣ್ಣಿನಲ್ಲಿ ಅವುಗಳಿಗೆ ಈಜಲು ನೀರೇ ಇರುವುದಿಲ್ಲ.

ಭದ್ರಾ ನಾಲೆಯ ಕೆಳಗಿನ ಗದ್ದೆಗಳಲ್ಲಿ ಭತ್ತ ತಿಂಗಳುಗಟ್ಟಲೆ ನೀರಿನಲ್ಲಿ ನಿಂತೇ ಬೆಳೆಯುವುದಿಲ್ಲವೇ ಎಂದು ಕೇಳಬಹುದು. ಒಳ್ಳೆಯ ಪ್ರಶ್ನೆ. ಭತ್ತದ ಕಾಂಡ ಮತ್ತು ಬೇರುಗಳ ಒಳಗೆ ಗಾಳಿ ಸಾಗುವ ಟೊಳ್ಳು ದಾರಿಗಳಿವೆ, ಮೇಲಿನ ಎಲೆಯಿಂದ ಆಮ್ಲಜನಕ ಕೆಸರಿನೊಳಗಿನ ಬೇರಿಗೆ ಇಳಿಯುತ್ತದೆ. ಗುಲಾಬಿ, ದಾಸವಾಳ, ಕರಿಬೇವು, ಟೊಮೆಟೊ, ಮೆಣಸಿನ ಗಿಡಗಳಿಗೆ ಅಂಥ ವ್ಯವಸ್ಥೆಯಿಲ್ಲ.

ತಳದಲ್ಲಿ ನಿಲ್ಲುವ ನೀರು

ರಂಧ್ರ ಇದ್ದ ಮೇಲೆ ಹೆಚ್ಚಿನ ನೀರೆಲ್ಲ ಇಳಿದುಹೋಗುತ್ತದೆ ಎಂಬ ನಂಬಿಕೆ ಅರ್ಧ ಮಾತ್ರ ನಿಜ. ಪಾತ್ರೆ ಉಜ್ಜುವ ಸ್ಪಂಜನ್ನು ನೀರಿನಲ್ಲಿ ಅದ್ದಿ, ಅಂಗೈ ಮೇಲೆ ಅಡ್ಡಲಾಗಿ ಹಿಡಿಯಿರಿ. ತೊಟ್ಟಿಕ್ಕುವುದು ನಿಲ್ಲುವವರೆಗೆ ಕಾಯಿರಿ. ಈಗ ಅದನ್ನೇ ಹಿಂಡದೆ ನೆಟ್ಟಗೆ ನಿಲ್ಲಿಸಿ ಹಿಡಿಯಿರಿ, ಮತ್ತಷ್ಟು ನೀರು ಸುರಿಯುತ್ತದೆ. ಅದು ನಿಂತ ಮೇಲೂ ಕೆಳತುದಿ ಮಾತ್ರ ಒದ್ದೆಮುದ್ದೆಯಾಗಿಯೇ ಉಳಿಯುತ್ತದೆ. ಕುಂಡದ ಮಣ್ಣಿನಲ್ಲಿ ನಡೆಯುವುದೂ ಇದೇ. ಕಣಗಳ ನಡುವಿನ ಸೂಕ್ಷ್ಮ ಸಂದುಗಳು ನೀರನ್ನು ಎಳೆದು ಹಿಡಿದುಕೊಳ್ಳುತ್ತವೆ, ಗುರುತ್ವಾಕರ್ಷಣೆ ಕೆಳಗೆ ಎಳೆಯುತ್ತದೆ. ಎರಡೂ ಸಮವಾದ ಎತ್ತರದವರೆಗೆ, ತಳದ ಒಂದಷ್ಟು ಇಂಚು ಮಣ್ಣು ನೀರಿನಿಂದ ತುಂಬಿಯೇ ಇರುತ್ತದೆ. ನೆಲದಲ್ಲಿ ನೆಟ್ಟ ಗಿಡಕ್ಕೆ ಈ ತೊಂದರೆ ಅಷ್ಟಾಗಿ ಇಲ್ಲ, ಏಕೆಂದರೆ ಕೆಳಗಿನ ಮಣ್ಣು ಮೇಲಿನ ನೀರನ್ನು ಎಳೆದುಕೊಳ್ಳುತ್ತಲೇ ಇರುತ್ತದೆ. ಕುಂಡದಲ್ಲಿ ಮಣ್ಣು ತಳಕ್ಕೆ ಬಂದು ಮುಗಿದುಹೋಗುತ್ತದೆ.

ಈ ತುಂಬಿದ ಪದರದ ಎತ್ತರ ಮಣ್ಣಿನ ಗುಣದ ಮೇಲೆ ನಿಂತಿದೆ, ಕುಂಡದ ಎತ್ತರದ ಮೇಲಲ್ಲ. ಹೀಗಾಗಿ ಒಂದೇ ಮಣ್ಣನ್ನು ಎತ್ತರದ ಕುಂಡಕ್ಕೂ ತಟ್ಟೆಯಂಥ ಕುಂಡಕ್ಕೂ ತುಂಬಿದರೆ, ಎತ್ತರದ್ದರಲ್ಲಿ ಬೇರಿಗೆ ಗಾಳಿಯಾಡುವ ಜಾಗ ಬೇಕಾದಷ್ಟು ಉಳಿಯುತ್ತದೆ, ತಗ್ಗಿನದರಲ್ಲಿ ಹೆಚ್ಚುಕಡಿಮೆ ಎಲ್ಲವೂ ಕೆಸರಿನ ವಲಯವೇ.

ಇಲ್ಲಿಯೇ ನಮ್ಮ ಕಡೆಯ ಒಂದು ಗಟ್ಟಿ ನಂಬಿಕೆಯ ವಿಷಯ ಹೇಳಬೇಕು. ನೀರು ಬಸಿಯಲಿ ಎಂದು ತಳಕ್ಕೆ ಎರಡು ಮೂರು ಇಂಚು ಜಲ್ಲಿ ಹಾಸುವವರು ಮನೆಮನೆಗೂ ಇದ್ದಾರೆ. ಸೂಕ್ಷ್ಮ ಸಂದುಗಳ ಮಣ್ಣಿನಿಂದ ದೊಡ್ಡ ಸಂದುಗಳ ಜಲ್ಲಿಗೆ ನೀರು ಸುಲಭವಾಗಿ ಇಳಿಯುವುದಿಲ್ಲ. ಮಣ್ಣು ತನ್ನ ಕೆಳಗಿನ ಪದರದಲ್ಲಿ ಪೂರ್ತಿ ತುಂಬಿಕೊಂಡ ಮೇಲಷ್ಟೇ ಕೆಳಗೆ ಬಿಡುತ್ತದೆ. ಆದ್ದರಿಂದ ಜಲ್ಲಿ ಹಾಕಿದರೆ ಕೆಸರಿನ ವಲಯ ಜಲ್ಲಿಯ ಮೇಲಕ್ಕೆ ಏರಿ ಕೂರುತ್ತದೆ, ಬೇರಿನ ಜಾಗ ಕಿರಿದಾಗುತ್ತದೆ. ರಂಧ್ರದ ಮೇಲೆ ಮಣ್ಣು ಸೋರದಂತೆ ಒಂದು ಹೆಂಚಿನ ಚೂರೋ ಸೊಳ್ಳೆಪರದೆಯ ತುಂಡೋ ಸಾಕು. ಬಸಿಯುವಿಕೆ ಬೇಕಾದರೆ ಮಣ್ಣನ್ನೇ ಸರಿಮಾಡಿಕೊಳ್ಳಬೇಕು.

ದಾವಣಗೆರೆ, ಹರಿಹರದ ಸುತ್ತ ಅಕ್ಕಿ ಗಿರಣಿಗಳಿರುವುದರಿಂದ ಅದಕ್ಕೆ ಬೇಕಾದ ವಸ್ತು ಕೈಗೆಟುಕುವಂತಿದೆ. ಕಪ್ಪಗೆ ಕರಕಲಾದ ಭತ್ತದ ಹೊಟ್ಟನ್ನು (ಬೂದಿಯಾಗುವಷ್ಟು ಸುಟ್ಟದ್ದು ಬೇಡ) ಕೆಂಪು ಮಣ್ಣು, ಹಳೆಯ ಕೊಟ್ಟಿಗೆ ಗೊಬ್ಬರದ ಜತೆ ಕಲಸಿದರೆ ಮಣ್ಣು ಸಡಿಲವಾಗಿ, ಗಾಳಿಯಾಡುತ್ತದೆ. ಹೊಲದ ಎರೆ ಮಣ್ಣನ್ನು ಮಾತ್ರ ಕುಂಡಕ್ಕೆ ತುಂಬಲೇಬೇಡಿ. ಹೊಲದಲ್ಲಿ ಹತ್ತಿಯನ್ನೂ ಜೋಳವನ್ನೂ ಸಾಕುವ ಅದೇ ಮಣ್ಣು ಕುಂಡದೊಳಗೆ ಒದ್ದೆಯಾದಾಗ ಅಂಟು, ಒಣಗಿದಾಗ ಬಿರುಕು.

ಬಾಯಾರಿಕೆಯನ್ನು ಗುರುತಿಸುವುದು

ಮೇಲ್ಮಣ್ಣಿನ ಬಣ್ಣ ನೋಡಿ ತೀರ್ಮಾನಿಸಬಾರದು. ಮಾರ್ಚ್ ಬಿಸಿಲಿಗೆ ಮೇಲಿನ ಅರ್ಧ ಇಂಚು ಒಂದು ಗಂಟೆಯಲ್ಲಿ ಬೆಳ್ಳಗಾಗುತ್ತದೆ, ಕೆಳಗೆ ನೀರು ಹಾಗೇ ಇರುತ್ತದೆ. ತೋರುಬೆರಳನ್ನು ಎರಡನೆಯ ಗೆಣ್ಣಿನವರೆಗೆ ಇಳಿಸಿ. ತಂಪಾಗಿ, ಮಣ್ಣು ಬೆರಳಿಗೆ ಅಂಟಿದರೆ ಇವತ್ತು ನೀರು ಬೇಡ. ಆಳವಾದ ಕುಂಡಕ್ಕೆ ಬೆರಳು ಸಾಲದು, ಅಲ್ಲಿ ಉರಿದು ಮುಗಿದ ಊದುಬತ್ತಿಯ ಕಡ್ಡಿ ಒಳ್ಳೆಯ ಸಾಧನ. ಬಿದಿರಿನ ಆ ಕಡ್ಡಿಯನ್ನು ಕುಂಡದ ಅಂಚಿನ ಬಳಿ ಆಳಕ್ಕೆ ಚುಚ್ಚಿ, ಹತ್ತು ನಿಮಿಷ ಬಿಟ್ಟು ಎಳೆಯಿರಿ. ಒದ್ದೆಯಾದಷ್ಟು ಉದ್ದ ಬಣ್ಣ ಗಾಢವಾಗಿ, ಮಣ್ಣಿನ ಕಣ ಮೆತ್ತಿಕೊಂಡಿರುತ್ತದೆ. ತೇವ ಎಷ್ಟು ಆಳದಿಂದ ಶುರುವಾಗುತ್ತದೆ ಎಂಬುದು ಕಣ್ಣಿಗೇ ಕಾಣುತ್ತದೆ.

ಎಲ್ಲಕ್ಕಿಂತ ನಂಬಿಕೆಗೆ ಅರ್ಹವಾದದ್ದು ತೂಕ. ಒಂದು ಲೀಟರ್ ನೀರು ಒಂದು ಕಿಲೋ. 12 ಇಂಚಿನ ಕುಂಡವೊಂದು ಚೆನ್ನಾಗಿ ನೀರು ಕುಡಿದು ಬಸಿದಾಗಲೂ, ಗಿಡ ಬಾಡುವ ಅಂಚಿಗೆ ಬಂದಾಗಲೂ ಎತ್ತಿ ನೋಡಿದರೆ ಎರಡು ಮೂರು ಕಿಲೋ ವ್ಯತ್ಯಾಸ ಸಿಗುತ್ತದೆ, ಅದನ್ನು ತಿಳಿಯಲು ತಕ್ಕಡಿ ಬೇಕಿಲ್ಲ. ದೊಡ್ಡ ಕುಂಡವಾದರೆ ಅಂಚು ಹಿಡಿದು ಸ್ವಲ್ಪ ವಾಲಿಸಿದರೆ ಸಾಕು. ಒಂದು ವಾರ ಬೆಳಿಗ್ಗೆ ಹೀಗೆ ಮಾಡಿದರೆ ಕೈಗೆ ಅಂದಾಜು ಕೂರುತ್ತದೆ. ಅಂಗಡಿಯಲ್ಲಿ ಸಿಗುವ ಅಗ್ಗದ ತೇವಮಾಪಕ ಕಡ್ಡಿಗಳಿಗೆ ದುಡ್ಡು ಹಾಕಬೇಡಿ. ಅವು ಮಣ್ಣಿನಲ್ಲಿ ವಿದ್ಯುತ್ ಎಷ್ಟು ಹರಿಯುತ್ತದೆ ಎಂಬುದರ ಮೇಲೆ ಮುಳ್ಳು ತೋರಿಸುತ್ತವೆ. ನಮ್ಮ ಕೊಳವೆಬಾವಿಯ ಉಪ್ಪು ನೀರು ಮಣ್ಣಿನಲ್ಲಿ ಸೇರಿಕೊಂಡಿದ್ದರೆ, ಒಣಗಿರುವುದಕ್ಕೂ ‘ತೇವ’ ಎಂದೇ ತೋರಿಸುತ್ತವೆ.

ಎಲೆಯ ಭಾಷೆಯನ್ನೂ ಸಮಯ ನೋಡಿ ಓದಬೇಕು. ಮಧ್ಯಾಹ್ನ ಎರಡು ಗಂಟೆಗೆ ದಾಸವಾಳದ ಎಲೆ ಜೋತುಬಿದ್ದರೆ ಗಾಬರಿ ಬೇಡ. ಎಲೆಯಿಂದ ಹೋಗುವ ನೀರಿನಷ್ಟು ವೇಗವಾಗಿ ಬೇರಿಗೆ ಒದಗಿಸಲಾಗದೆ ಹಾಗಾಗಿರುತ್ತದೆ, ಬೇರು ಹೀರಿದ ನೀರಿನಲ್ಲಿ ಶೇಕಡಾ 95ಕ್ಕೂ ಹೆಚ್ಚು ಭಾಗ ಎಲೆಯಿಂದ ಆವಿಯಾಗಿಯೇ ಹೋಗುತ್ತದೆ. ಸಂಜೆಗೆ ಅದು ಚೇತರಿಸಿಕೊಳ್ಳುತ್ತದೆ. ಬೆಳಿಗ್ಗೆ ಆರು ಗಂಟೆಗೂ ಎಲೆ ಎದ್ದು ನಿಲ್ಲದಿದ್ದರೆ ಆಗ ಕುಂಡ ಎತ್ತಿ ನೋಡಿ. ಹಗುರವಾಗಿದ್ದರೆ ನೀರು ಬೇಕು. ಭಾರವಾಗಿದ್ದು, ಕೆಳಗಿನ ಎಲೆಗಳು ಮೆತ್ತಗೆ ಹಳದಿಯಾಗಿ ಉದುರುತ್ತಿದ್ದರೆ, ಮಣ್ಣಿನ ಮೇಲೆ ಚಿಕ್ಕ ಕಪ್ಪು ನೊಣಗಳು ಹಾರುತ್ತಿದ್ದರೆ, ಬೇರು ಕೊಳೆಯುತ್ತಿದೆ.

ಸುರಿಯುವ ಬಗೆ

ಹಾಕುವ ದಿನ ಪೂರ್ತಿ ಹಾಕಬೇಕು. ಎಲ್ಲ ಕುಂಡಗಳಿಗೂ ಅರ್ಧರ್ಧ ಮಗ್ ಚಿಮುಕಿಸುವುದು ಅತ್ಯಂತ ಕೆಟ್ಟ ಪದ್ಧತಿ. ಮೇಲಿನ ಎರಡು ಇಂಚು ಮಾತ್ರ ನೆನೆದು ಬೇರೆಲ್ಲ ಮೇಲಕ್ಕೇ ಬರುತ್ತದೆ, ತಳದ ಮಣ್ಣು ವಾರಗಟ್ಟಲೆ ನೀರು ಕಾಣುವುದಿಲ್ಲ, ನೀರಿನಲ್ಲಿರುವ ಲವಣವೆಲ್ಲ ಕುಂಡದೊಳಗೇ ಉಳಿಯುತ್ತದೆ. ನಿಧಾನವಾಗಿ, ಸುತ್ತಲೂ ಹರಡಿ ಹಾಕಿ. ಹೀರಿಕೊಳ್ಳಲು ಬಿಟ್ಟು ಮತ್ತೊಮ್ಮೆ ಹಾಕಿ. ಹಾಕಿದ್ದರಲ್ಲಿ ಹತ್ತನೇ ಒಂದು ಭಾಗದಷ್ಟಾದರೂ ತಳದಿಂದ ಹೊರಬರಲಿ. ಅರ್ಧ ಗಂಟೆಯ ನಂತರ ಕೆಳಗಿನ ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಿಬಿಡಿ. ಕುಂಡವನ್ನು ತಾರಸಿಗೆ ನೇರ ತಾಗಿಸದೆ ಎರಡು ಇಟ್ಟಿಗೆ ಚೂರುಗಳ ಮೇಲೆ ಇಟ್ಟರೆ ರಂಧ್ರ ಮುಚ್ಚುವುದಿಲ್ಲ, ಕಾದ ಸಿಮೆಂಟಿನ ಬಿಸಿಯೂ ಬೇರಿಗೆ ತಟ್ಟುವುದಿಲ್ಲ.

ತಳದಿಂದ ನೀರು ಬಂದಿತು ಎಂದ ಮಾತ್ರಕ್ಕೆ ಬೇರಿಗೆ ಸಿಕ್ಕಿತು ಎಂದೂ ಅಲ್ಲ. ನಮ್ಮ ಬೀದಿಯ ಅಜ್ಜಿಯೊಬ್ಬರ ಮನೆಯಲ್ಲಿ ನರ್ಸರಿಯಿಂದ ತಂದ ಗುಲಾಬಿ ಎರಡೇ ತಿಂಗಳಿಗೆ ಒಣಗಿತು. ‘ದಿನವೂ ನೀರು ಹಾಕುತ್ತಿದ್ದೆನಲ್ಲಪ್ಪಾ, ಕೆಳಗಿನಿಂದ ಸೋರುತ್ತಲೂ ಇತ್ತು’ ಎಂದರು ಅವರು. ಕುಂಡವನ್ನು ಮಗುಚಿದಾಗ ಹೊರಗಿನ ಗೊಬ್ಬರ ಮಿಶ್ರಿತ ಮಣ್ಣು ಒದ್ದೆಯಾಗಿ ಉದುರಿತು. ನಡುವೆ ಮಾತ್ರ ತೆಂಗಿನಕಾಯಿ ಗಾತ್ರದ ಕೆಂಪು ಜೇಡಿಯ ಉಂಡೆ, ಸುತ್ತಿಗೆಯಿಂದ ಹೊಡೆಯಬೇಕಾದಷ್ಟು ಗಟ್ಟಿ. ಒಡೆದರೆ ಒಳಗೆ ಧೂಳು, ಅದರೊಳಗೆ ಗಿಡದ ಬೇರೆಲ್ಲ ದಾರದಂತೆ ಒಣಗಿ ಸಿಕ್ಕಿಕೊಂಡಿತ್ತು. ದೂರದಿಂದ ಲಾರಿಯಲ್ಲಿ ಬರುವ ಗಿಡಗಳ ಬೇರು ಕಳಚದಿರಲೆಂದು ಹೀಗೆ ಜೇಡಿ ಮಣ್ಣಿನಲ್ಲಿ ಬಿಗಿದಿರುತ್ತಾರೆ. ಆ ಉಂಡೆಯನ್ನು ಹಾಗೇ ನೆಟ್ಟರೆ ಹೊರಗಿನ ಸಡಿಲ ಮಣ್ಣಿನಲ್ಲಿ ನೀರು ಜಾರಿ ಹೋಗುತ್ತದೆ, ಒಣಗಿದ ಉಂಡೆಯೊಳಗೆ ಇಳಿಯುವುದೇ ಇಲ್ಲ. ಹೊಸ ಗಿಡ ತಂದರೆ ಉಂಡೆಯನ್ನು ಒಂದು ಬಕೆಟ್ ನೀರಿನಲ್ಲಿ ನೆನೆಸಿಟ್ಟು, ಬೇರು ಹರಿಯದಂತೆ ಬೆರಳಲ್ಲಿ ಜೇಡಿಯನ್ನು ಕರಗಿಸಿ ಆಮೇಲೆ ನೆಡಿ.

ಪೂರಾ ಒಣಗಿದ ಕೋಕೋಪೀಟಿನದೂ (ತೆಂಗಿನ ನಾರಿನ ಪುಡಿ) ಹೀಗೇ, ಅದು ನೀರನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಮಣ್ಣು ಕುಗ್ಗಿ ಕುಂಡದ ಗೋಡೆಯಿಂದ ಬೇರ್ಪಟ್ಟಿದ್ದರೆ ಹಾಕಿದ ನೀರು ಆ ಸಂದಿನಲ್ಲೇ ಇಳಿದುಹೋಗುತ್ತದೆ. ಅಂಥ ಕುಂಡವನ್ನು ಅರ್ಧ ಎತ್ತರದವರೆಗೆ ನೀರಿರುವ ಟಬ್ಬಿನಲ್ಲಿ ಅರ್ಧ ಗಂಟೆ ಕೂರಿಸಿ, ಮೇಲ್ಮಣ್ಣು ಒದ್ದೆಯಾದ ಮೇಲೆ ಎತ್ತಿ ಬಸಿಯಲು ಬಿಡಿ.

ಹೊತ್ತು ಬೆಳಗಿನದೇ ಒಳ್ಳೆಯದು. ಬಿಸಿಲು ಏರುವ ಮೊದಲು ಗಿಡಕ್ಕೆ ನೀರು ತುಂಬಿಕೊಂಡಿರುತ್ತದೆ, ಎಲೆಯ ಮೇಲೆ ಬಿದ್ದ ಹನಿ ಬೇಗ ಆರಿ ಬೂಷ್ಟು ಹಿಡಿಯುವುದಿಲ್ಲ. ಮಧ್ಯಾಹ್ನ ಹಾಕಬಾರದು ಎನ್ನುವುದಕ್ಕೆ ನಮ್ಮ ಕಡೆ ಬೇರೆ ಕಾರಣವೂ ಇದೆ: ತಾರಸಿಯ ಕಪ್ಪು ಟ್ಯಾಂಕಿನಲ್ಲಿ, ಬಿಸಿಲಲ್ಲಿ ಬಿದ್ದ ಪೈಪಿನಲ್ಲಿ ಇರುವ ನೀರು ಏಪ್ರಿಲ್‌ನಲ್ಲಿ ಕೈ ಸುಡುತ್ತದೆ. ಅನಿವಾರ್ಯವಾದರೆ ಪೈಪಿನ ಮೊದಲ ಬಿಸಿ ನೀರನ್ನು ಬಕೆಟ್ಟಿಗೆ ಹಿಡಿದು, ಆರಿದ ಮೇಲೆ ಬಳಸಿ.

ಗಾಳಿ ಮತ್ತು ಮೋಸದ ಮಳೆ

ಬೇಸಿಗೆಯಲ್ಲಿ ಎಲ್ಲರೂ ಎಚ್ಚರವಾಗಿರುತ್ತಾರೆ. ದೊಡ್ಡ ಕರಿಬೇವಿನ ಕುಂಡಕ್ಕೆ ಏಪ್ರಿಲ್, ಮೇ ತಿಂಗಳಲ್ಲಿ ದಿನಕ್ಕೆ ಒಂದೂವರೆ, ಎರಡು ಲೀಟರ್ ಬೇಕಾಗುವುದನ್ನು ಗಿಡವೇ ತೋರಿಸಿಕೊಡುತ್ತದೆ. ಮೋಸ ಹೋಗುವುದು ಜೂನ್, ಜುಲೈನಲ್ಲಿ. ಆಗ ಆಕಾಶ ಮೋಡ, ಹೊತ್ತು ಹೊತ್ತಿಗೆ ಜಿಟಿಜಿಟಿ, ಆದರೆ ಪಡುವಣ ಗಾಳಿ ಬಿಡುವಿಲ್ಲದೆ ಬೀಸುತ್ತದೆ. ಚಿತ್ರದುರ್ಗದ ಗುಡ್ಡಗಳ ಮೇಲೆ ಅಷ್ಟೊಂದು ಗಾಳಿಯಂತ್ರಗಳು ನಿಂತಿರುವುದು ಈ ಗಾಳಿಯನ್ನು ನಂಬಿಯೇ. ಎಲೆಯ ಸುತ್ತ ನಿಂತ ತೇವದ ಗಾಳಿಯನ್ನು ಅದು ಒರೆಸಿಕೊಂಡು ಹೋಗುವುದರಿಂದ ಮೋಡದ ದಿನವೂ ಗಿಡ ನೀರು ಕಳೆದುಕೊಳ್ಳುತ್ತಲೇ ಇರುತ್ತದೆ.

ಮಳೆಯ ಲೆಕ್ಕವನ್ನು ಹೀಗೆ ಹಾಕಿ. 12 ಇಂಚಿನ ಕುಂಡದ ಬಾಯಿ ಸುಮಾರು 30 ಸೆಂಟಿಮೀಟರ್ ಅಗಲ. ಅದರ ಮೇಲೆ 3 ಮಿಲಿಮೀಟರ್ ಮಳೆ ಬಿದ್ದರೆ ಒಳಗೆ ಸೇರುವುದು ಸುಮಾರು 200 ಮಿಲಿಲೀಟರ್, ಒಂದು ಲೋಟ. 10 ಮಿಲಿಮೀಟರ್ ಬಿದ್ದರೂ ಮುಕ್ಕಾಲು ಲೀಟರಿಗೆ ತುಸು ಕಡಿಮೆ. ಅದೂ ಎಲೆ ಹರಡಿದ ಗಿಡವಾದರೆ ಹನಿಗಳು ಕೊಡೆಯ ಮೇಲಿನಿಂದ ಜಾರಿದಂತೆ ಕುಂಡದ ಆಚೆಗೇ ಬೀಳುತ್ತವೆ. ತಾರಸಿಯೆಲ್ಲ ಒದ್ದೆ, ಕುಂಡದೊಳಗೆ ಒಣ. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸಿನ ಮಳೆಯ ನಮ್ಮ ಸೀಮೆಯಲ್ಲಿ ಮಳೆಗಾಲವೆಂದು ನೀರು ನಿಲ್ಲಿಸುವುದು ಸರಿಯಲ್ಲ. ಉತ್ತರೆ, ಹಸ್ತ, ಚಿತ್ತೆ ಮಳೆಗಳು ರಾತ್ರಿಯಿಡೀ ಹೊಯ್ದರೆ ಮಾತ್ರ ಕೆಳಗಿನ ತಟ್ಟೆ ತೆಗೆದು, ರಂಧ್ರ ಕಟ್ಟಿಲ್ಲವೇ ನೋಡಿಕೊಳ್ಳಿ.

ಬೇಸಿಗೆಯಲ್ಲಿ ನೀರು ಉಳಿಸಲು ಮಣ್ಣಿನ ಮೇಲೆ ಹೊದಿಕೆ ಹಾಸುವುದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಚಳ್ಳಕೆರೆ ಕಡೆ ಶೇಂಗಾ ಸಿಪ್ಪೆ ಬೇಕಾದಷ್ಟು, ಚನ್ನಗಿರಿ ಕಡೆ ಅಡಿಕೆ ಸಿಪ್ಪೆ. ಎರಡು ಇಂಚು ಹಾಸಿ, ಕಾಂಡಕ್ಕೆ ತಾಗದಂತೆ ಸ್ವಲ್ಪ ಜಾಗ ಬಿಡಿ. ಹಾಸಿದ ಮೇಲೆ ಹಳೆಯ ಅಂದಾಜಿನಲ್ಲಿ ನೀರು ಹಾಕಬೇಡಿ, ಮತ್ತೆ ತೂಕ ನೋಡಿಯೇ ಹಾಕಿ.

ಎಂಥ ನೀರು

ಕುಂಡದ ಹೊರಮೈ ಮೇಲೆ, ಮಣ್ಣಿನ ಅಂಚಿನಲ್ಲಿ ಬಿಳಿ ಪೊರೆ ಕಟ್ಟಿದ್ದರೆ ಅದು ಕೊಳವೆಬಾವಿ ನೀರಿನ ಲವಣ. ನೀರು ಆವಿಯಾಗುತ್ತದೆ, ಲವಣ ಉಳಿಯುತ್ತದೆ. ಗಡಸು ನೀರು ಮಣ್ಣನ್ನು ಕ್ಷಾರದ ಕಡೆಗೆ ತಳ್ಳುತ್ತದೆ, ಆಗ ಮಣ್ಣಿನಲ್ಲಿ ಕಬ್ಬಿಣವಿದ್ದರೂ ಗಿಡಕ್ಕೆ ಸಿಗುವುದಿಲ್ಲ. ಗುಲಾಬಿಯ ಎಳೆಯ ಎಲೆಗಳು ನರ ಮಾತ್ರ ಹಸಿರಾಗಿ ಉಳಿದೆಲ್ಲ ಹಳದಿಯಾಗುವುದು ಇದರಿಂದಲೇ. ಚಿತ್ರದುರ್ಗ ಜಿಲ್ಲೆಯ ಹಲವು ಕಡೆ ಅಂತರ್ಜಲದಲ್ಲಿ ಫ್ಲೋರೈಡ್ ಪ್ರಮಾಣ ಕುಡಿಯುವ ನೀರಿನ ಮಿತಿಯಾದ ಲೀಟರಿಗೆ 1.5 ಮಿಲಿಗ್ರಾಂ ಅನ್ನು ಮೀರಿದೆ. ಸ್ಪೈಡರ್ ಪ್ಲಾಂಟ್, ಡ್ರಸೀನಾದಂಥ ಅಲಂಕಾರದ ಗಿಡಗಳ ಎಲೆತುದಿ ಸುಟ್ಟಂತಾದರೆ ಈ ಸಾಧ್ಯತೆಯನ್ನೂ ಯೋಚಿಸಿ.

ನೀರು ವ್ಯರ್ಥವಾಗದಿರಲಿ ಎಂದು ಶುದ್ಧೀಕರಣ ಯಂತ್ರ ಹೊರಹಾಕುವ ನೀರನ್ನು ಕುಂಡಕ್ಕೆ ಹಾಕುವವರು ಬಹಳ. ಉದ್ದೇಶ ಒಳ್ಳೆಯದು, ಆದರೆ ಯಂತ್ರ ತೆಗೆದುಹಾಕಿದ ಲವಣವೆಲ್ಲ ಅದರಲ್ಲೇ ಇದೆ. ಅದು ನೆಲ ಒರೆಸಲು, ಶೌಚಾಲಯಕ್ಕೆ ಇರಲಿ. ಅಕ್ಕಿ, ಬೇಳೆ ತೊಳೆದ ನೀರು, ಉಪ್ಪು ಹಾಕದೆ ತರಕಾರಿ ಬೇಯಿಸಿ ಆರಿಸಿದ ನೀರು ಕುಂಡಕ್ಕೆ ಹಾಕಬಹುದು. ಎಲ್ಲಕ್ಕಿಂತ ಶ್ರೇಷ್ಠ ಮಳೆನೀರು. ತಾರಸಿಯ ಕೊಳವೆಗೆ ಒಂದು ಡ್ರಮ್ ಇಟ್ಟು, ಮೊದಲ ಮಳೆಯ ಕೊಳೆ ಹರಿದ ಮೇಲೆ ಹಿಡಿದು, ಸೊಳ್ಳೆ ಬಾರದಂತೆ ಬಟ್ಟೆ ಕಟ್ಟಿಡಿ. ತಿಂಗಳಿಗೊಮ್ಮೆ ಅದನ್ನು ಧಾರಾಳವಾಗಿ ಹಾಕಿ ತಳದಿಂದ ಹರಿಯಬಿಟ್ಟರೆ ಸೇರಿಕೊಂಡ ಲವಣ ತೊಳೆದುಹೋಗುತ್ತದೆ.

ತುಳಸಿಯ ಬಗ್ಗೆ ಒಂದು ಮಾತು ಪ್ರತ್ಯೇಕವಾಗಿ ಹೇಳಲೇಬೇಕು. ಸ್ನಾನ ಮುಗಿಸಿ ಮನೆಯವರೆಲ್ಲ ಒಬ್ಬೊಬ್ಬರಾಗಿ ಒಂದೊಂದು ತಂಬಿಗೆ ನೀರು ಹಾಕುವ ಮನೆಗಳಲ್ಲಿ, ಮಾಗಿಯ ಚಳಿಗೆ ಗಿಡ ಮೆಲ್ಲಗೆ ಕಪ್ಪಾಗಿ ಒಣಗುತ್ತದೆ. ಅಂಗಳದ ಕಟ್ಟೆಯಲ್ಲಿ, ನೆಲಕ್ಕೆ ಬೇರು ಬಿಟ್ಟ ತುಳಸಿ ಇದನ್ನು ತಡೆಯುತ್ತಿತ್ತು. ಬಾಲ್ಕನಿಯ ಎಂಟು ಇಂಚಿನ ಕುಂಡ ತಡೆಯಲಾರದು. ಉದ್ಧರಣೆಯಲ್ಲಿ ಒಂದು ಚಮಚ ನೀರು ಬಿಟ್ಟರೂ ಪೂಜೆ ಪೂಜೆಯೇ. ಪೂರ್ತಿ ನೀರನ್ನು ಕುಂಡ ಹಗುರವಾದ ದಿನ ಹಾಕಿ. ತೆನೆ ಕಟ್ಟಿದ ತುದಿಗಳನ್ನು ಆಗಾಗ ಚಿವುಟಿದರೆ ಗಿಡ ಇನ್ನಷ್ಟು ಕಾಲ ಬಾಳುತ್ತದೆ.

ಅತಿ ನೀರಿನಿಂದ ಬಾಡಿದ ಗಿಡವನ್ನು ಉಳಿಸಲು ಸಾಧ್ಯವಿದೆ, ಬೇಗ ಕಂಡುಕೊಂಡರೆ. ನೀರು, ಗೊಬ್ಬರ ಎರಡನ್ನೂ ನಿಲ್ಲಿಸಿ. ಗಿಡವನ್ನು ಮಣ್ಣಿನ ಸಮೇತ ಹೊರತೆಗೆದು, ಹಳೆಯ ದಿನಪತ್ರಿಕೆಯ ಮೇಲೆ ನೆರಳಿನಲ್ಲಿ ಕೆಲವು ಗಂಟೆ ಇಡಿ, ಕಾಗದ ಹೆಚ್ಚಿನ ತೇವವನ್ನು ಎಳೆದುಕೊಳ್ಳುತ್ತದೆ. ಬಿಳಿಯ, ಗಟ್ಟಿಯಾದ ಬೇರು ಜೀವಂತವಾದದ್ದು. ಕಂದಾಗಿ, ಎಳೆದರೆ ಸಿಪ್ಪೆ ಕಳಚಿ ನೂಲು ಮಾತ್ರ ಉಳಿಯುವ, ಚರಂಡಿಯ ವಾಸನೆ ಬರುವ ಬೇರುಗಳನ್ನು ಕತ್ತರಿಸಿಬಿಡಿ. ಎಷ್ಟು ಬೇರು ಹೋಯಿತೋ ಅದಕ್ಕೆ ತಕ್ಕಂತೆ ಮೇಲಿನ ರೆಂಬೆಗಳನ್ನೂ ಕತ್ತರಿಸಿ, ಉಳಿದ ಬೇರಿಗೆ ಅಷ್ಟೊಂದು ಎಲೆಗಳನ್ನು ಸಾಕುವ ಶಕ್ತಿಯಿರುವುದಿಲ್ಲ. ಬೇರಿಗಿಂತ ತುಸುವೇ ದೊಡ್ಡದಾದ ಕುಂಡದಲ್ಲಿ ಹೊಸ ಸಡಿಲ ಮಣ್ಣಿಗೆ ನೆಟ್ಟು, ಒಮ್ಮೆ ನೀರು ಹಾಕಿ ನೆರಳಿನಲ್ಲಿಡಿ. ದೊಡ್ಡ ಕುಂಡಕ್ಕೆ ಹಾಕಿದರೆ ಬೇರು ತಲುಪದ ಮಣ್ಣಿನಲ್ಲಿ ನೀರು ನಿಂತು ಮತ್ತೆ ಅದೇ ತೊಂದರೆ. ಹೊಸ ಚಿಗುರು ಕಾಣುವವರೆಗೆ ಗೊಬ್ಬರ ಕೊಡಬೇಡಿ, ಕುಂಡ ಎತ್ತಿ ನೋಡದೆ ನೀರೂ ಹಾಕಬೇಡಿ.